ಜಿಲೇಬಿ ಕೊಳವೆ ಮತ್ತು ಕರುವಿನ ಪಾಲು

ಪಶುವೈದ್ಯರು ಆ ದಿನ ಒಳಗೆ ಬರಲಿಲ್ಲ. ಹೊಸ್ತಿಲಿನಾಚೆಯೇ ನಿಂತು, ಬಟ್ಟೆ ಸೋಡಾದ ನೀರಿನಲ್ಲಿ ಅದ್ದಿದ ಗೋಣಿಚೀಲವೊಂದನ್ನು ಕೇಳಿ ತರಿಸಿಕೊಂಡು, ಅದರ ಮೇಲೆ ಬೂಟುಗಳ ತಳವನ್ನು ಬಹಳ ಹೊತ್ತು ಒರೆಸಿದರು. ಚಹಾ ಬೇಡವೆಂದರು. ಅವರು ಚಹಾ ಬೇಡವೆಂದದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಅರಕೇರಾದಾಗ ಕಾಲುಬಾಯಿ ಬ್ಯಾನಿ ಬಂದದ ರೀ ಮೇಡಂ," ಎಂದರು. "ಆ ಕಡಿ ಹಾಲು ನಿಮ್ಮಲ್ಲಿಗೆ ಬರ್ತದ. ಹಾಲಿನಾಗ ಅದರ ವೈರಸ್ ಇರ್ತದ. ಇಲ್ಲಿಂದ ಅದು ಎಲ್ಲಿಗೆ ಹೊಂಟದ, ನೀವೇ ವಿಚಾರ ಮಾಡ್ರಿ."

ವಿಚಾರ ಮಾಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ರಾಯಚೂರಿನ ಕಾನ್ವೆಂಟಿನ ಹಿಂಭಾಗದ ಎರಡು ಕೋಣೆಗಳಲ್ಲಿ ನಾವು ಕೆಲವು ಹೆಂಗಸರು ಹಾಲಿನ ಸಸಾರಜನಕವನ್ನು ಬೇರ್ಪಡಿಸಿ ಪುಡಿ ಮಾಡುತ್ತಿದ್ದೆವು. ಸಿಸ್ಟರ್ ನಡೆಸುತ್ತಿದ್ದ ವಾರ್ಡಿನಲ್ಲಿ ಸೊರಗಿ ಮಲಗಿರುತ್ತಿದ್ದ ಮಕ್ಕಳಿಗೆ ಆ ಪುಡಿಯನ್ನು ಜೋಳದ ಗಂಜಿಯಲ್ಲಿ ಕಲಸಿ ಕೊಡುತ್ತಿದ್ದರು. ಸಿಸ್ಟರ್ ನನಗೆ ಶಾಲೆಯಲ್ಲಿ ಗಣಿತ ಕಲಿಸಿದವರು, ಮಂಗಳೂರಿನ ಕಡೆಯವರು. ನಾನು ಮದುವೆಯಾಗಿ, ಮಕ್ಕಳು ಶಾಲೆಗೆ ಹೋಗುವಂತಾದ ಮೇಲೆ, "ಮನೆಯಲ್ಲಿ ಕೂತು ಎಂತ ಮಾಡುದು ಮಾರಾಯ್ತಿ, ಬಾ" ಎಂದು ಕರೆದು ಈ ಕೆಲಸ ಒಪ್ಪಿಸಿದ್ದರು. ಪಿಯುಸಿಯಲ್ಲಿ ಓದಿದ ರಸಾಯನಶಾಸ್ತ್ರ ಅಷ್ಟರಮಟ್ಟಿಗೆ ಉಪಯೋಗಕ್ಕೆ ಬಂತು.

ಕೆಲಸ ಹೀಗಿತ್ತು. ದೇವದುರ್ಗ ಮತ್ತು ಮಾನ್ವಿಯ ಕಡೆಯಿಂದ ಬೆಳಗಿನ ಬಸ್ಸುಗಳ ಮೇಲೆ ಅಲ್ಯೂಮಿನಿಯಂ ಕ್ಯಾನುಗಳಲ್ಲಿ ಹಾಲು ಬರುತ್ತಿತ್ತು. ಕ್ಯಾನುಗಳೆಲ್ಲ ನಮ್ಮವೇ, ಎಲ್ಲವೂ ಒಂದೇ ಅಚ್ಚಿನವು. ಇವತ್ತು ಅರಕೇರಾದಿಂದ ಬಂದದ್ದು ನಾಳೆ ಮಾನ್ವಿಗೆ ಹೋಗಬಹುದಿತ್ತು. ಕೈಯಿಂದ ತಿರುಗಿಸುವ ಯಂತ್ರದಲ್ಲಿ ಕೆನೆ ತೆಗೆದು, ಹಾಲನ್ನು ಬೆಚ್ಚಗೆ ಮಾಡಿ, ನಿಂಬೆ ಉಪ್ಪಿನ ನೀರು ಹಾಕಿ ಒಡೆಸುತ್ತಿದ್ದೆವು. ಬಿಳಿ ಹೆಪ್ಪು ಮೇಲೆ ನಿಲ್ಲುತ್ತಿತ್ತು. ಅದನ್ನು ಬಟ್ಟೆಯಲ್ಲಿ ಸೋಸಿ, ಕುದಿನೀರಿನಲ್ಲಿ ತೊಳೆದು, ಕಲ್ಲು ಹೇರಿ ಹಿಂಡಿ, ಒಣಗಿಸಿ ಬೀಸಿದರೆ ಪುಡಿ. ಉಳಿದ ನೀರನ್ನು ನಾವು 'ತಿಳಿ' ಎನ್ನುತ್ತಿದ್ದೆವು. ಎಳೆ ಹಸಿರು ಛಾಯೆಯ, ಹುಳಿ ವಾಸನೆಯ ನೀರು. ಅದರಲ್ಲೂ ಸ್ವಲ್ಪ ಸಸಾರಜನಕ ಉಳಿದಿರುತ್ತದೆ. ಚೂರು ಅಡುಗೆ ಸೋಡಾ ಹಾಕಿ ಹುಳಿ ಮುರಿದು, ಅದೇ ಕ್ಯಾನುಗಳಲ್ಲಿ ತುಂಬಿ ಹಾಲು ಕೊಟ್ಟವರಿಗೆ ವಾಪಸು ಕಳಿಸುತ್ತಿದ್ದೆವು. ಅವರ ಕರುಗಳು ಅದನ್ನು ತೌಡಿನ ಜೊತೆ ಕುಡಿಯುತ್ತಿದ್ದವು. ತಿಳಿ ಸಿಗುತ್ತದೆಂದೇ ಜನ ನಮಗೆ ಹಾಲು ಕೊಡುತ್ತಿದ್ದರು. ತಿಳಿ ನಿಂತರೆ ಹಾಲೂ ನಿಲ್ಲುತ್ತಿತ್ತು.

ಎರಡೂ ಊರಿನ ಹಾಲು ನಮ್ಮಲ್ಲಿ ಬೆರೆಯುತ್ತಿತ್ತು. ಬೇನೆ ದೇವದುರ್ಗದ ಕಡೆಯ ಅರಕೇರಾದಲ್ಲಿತ್ತು, ಮಾನ್ವಿಯಲ್ಲಿ ಇರಲಿಲ್ಲ. ನಮ್ಮ ತಿಳಿಯೇ ಅದನ್ನು ಮಾನ್ವಿಯ ಕರುಗಳ ಬಾಯಿಗೆ ಒಯ್ದು ಮುಟ್ಟಿಸಬಹುದಿತ್ತು.

"ಪುಡಿಗೆ ಏನೂ ಭಯ ಇಲ್ಲ, ಕುದಿನೀರಿನಾಗ ತೊಳೀತೀರಿ. ಮನುಷ್ಯಾರಿಗೂ ಇದು ಅಂಟೂದಿಲ್ಲ," ಎಂದರು ವೈದ್ಯರು. "ಈ ವೈರಸ್ಸಿಗೆ ಹುಳಿ ಆಗೂದಿಲ್ಲ, ಬಿಸಿ ಆಗೂದಿಲ್ಲ. ಆದ್ರ ಕೆನಿ ಕಣದಾಗ, ಹೆಪ್ಪಿನ ಚೂರಿನಾಗ ಅಡಗಿ ಕುಂತಿರ್ತದ. ಹುಳಿ ಇದ್ದಾಗನ ಬಿಸಿ ಮಾಡ್ರಿ, ನಾಕೈದು ನಿಮಿಷ ಹಂಗ ಇಡ್ರಿ, ಆಮ್ಯಾಲ ಸೋಡಾ ಹಾಕ್ರಿ. ಆಗಲಿಲ್ಲ ಅಂದ್ರ ಹೇಳಿಬಿಡ್ರಿ, ಬಾಗಲಾ ಮುಚ್ಚಸ್ತೀನಿ."

ಮಾನ್ವಿಯ ಹಾಲಿನವ್ವ ಮೂಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ತನ್ನ ಓಣಿಯ ಹಾಲನ್ನೆಲ್ಲ ಕೂಡಿಸಿ ದಿನಾ ಬಸ್ಸಿನಲ್ಲಿ ತರುತ್ತಿದ್ದವಳು ಅವಳೇ. ಅವಳಿಗೆ ಒಂದೇ ಆಕಳು, ಅದೂ ತುಂಬು ಗಬ್ಬ. "ಅಕ್ಕೋರ, ಇನ್ನ ತಿಂಗಳೊಪ್ಪತ್ತಿನಾಗ ಈಯ್ತದ ರೀ ನಂದು. ನೀವು ಕೊಟ್ಟದ್ದು ಒಯ್ದು ಓಣ್ಯಾಗೆಲ್ಲ ಹಂಚಾಕಿ ನಾನು. ನಾಳಿ ಏನರ ಆದ್ರ ಮಂದಿ ನನ್ನ ಬಾಗಲಕ್ಕ ಬರ್ತಾರ, ನಿಮ್ಮ ಬಾಗಲಕ್ಕಲ್ಲ," ಎಂದಳು. ಹೇಳಿದ್ದು ಸರಿಯಾಗಿಯೇ ಇತ್ತು.

ಮೊದಲು ಕುದಿಸಿ ನೋಡಿದೆವು. ದೊಡ್ಡ ಹಂಡೆಯಲ್ಲಿ ತಿಳಿ ಕುದಿಯುತ್ತಲೇ ಅದರೊಳಗಿದ್ದ ಸಸಾರಜನಕ ಹಿಂಜಿದ ಅರಳೆಯ ಹಾಗೆ ಮೇಲೆದ್ದು ಉಕ್ಕಿತು, ತಳ ಹಿಡಿಯಿತು. ಕರುಗಳಿಗೆ ಬೇಕಾದದ್ದೇ ಅದು. ಅದು ಹಂಡೆಗೆ ಅಂಟಿಕೊಂಡರೆ ನಾವು ಕೊಡುವುದು ಬರೀ ನೀರು. ಒಂದು ಹಂಡೆ ಇಳಿಯುವಷ್ಟರಲ್ಲಿ ಮೂರು ಹಂಡೆಯಷ್ಟು ಹಸಿ ತಿಳಿ ಕೂಡಿರುತ್ತಿತ್ತು. ಬಸ್ಸು ಕಾಯುವುದಿಲ್ಲ. ಅವಸರದಲ್ಲಿ ಹಸಿ ತಿಳಿಯಲ್ಲಿ ಅದ್ದಿದ ಚಮಚವೇ ಬೆಂದ ತಿಳಿಗೂ ಇಳಿಯುವುದನ್ನು ನಾನು ಕಣ್ಣಾರೆ ಕಂಡೆ. ಹೀಗೆ ಕುದಿಸುವುದೂ ಒಂದೇ, ಬಿಡುವುದೂ ಒಂದೇ.

ದಾರಿ ತೋರಿದ್ದು ನಮ್ಮ ಬಚ್ಚಲುಮನೆ. ಮಕ್ಕಳಿಗೆ ನೀರು ಹೊಯ್ಯುವಾಗ ನೀರು ಕಾಯಿಸುವ ತಾಮ್ರದ ಬಂಬಿನ ಮೇಲಿನ ಬಾಯಿಗೆ ಒಂದು ಚೊಂಬು ತಣ್ಣೀರು ಸುರಿದೆ. ಪಕ್ಕದ ಕೊಳವೆಯಿಂದ ಒಂದು ಚೊಂಬು ಬಿಸಿನೀರು ಹೊರಬಂತು. ದಿನಾ ನೋಡುತ್ತಿದ್ದದ್ದೇ. ಅವತ್ತು ಮಾತ್ರ ಚೊಂಬು ಹಿಡಿದು ಹಾಗೆಯೇ ನಿಂತೆ. ಹಂಡೆಯಿಂದ ಹಂಡೆಗೆ ಯಾಕೆ ಕಾಯಿಸಬೇಕು? ಒಂದು ಕಡೆಯಿಂದ ಹಸಿ ತಿಳಿ ಹೋಗುತ್ತಲೇ ಇರಲಿ, ಇನ್ನೊಂದು ಕಡೆಯಿಂದ ಬೆಂದದ್ದು ಬರುತ್ತಲೇ ಇರಲಿ. ನಡುವೆ ಗೋಡೆ ಇದ್ದರೆ ಚಮಚವೂ ದಾಟುವುದಿಲ್ಲ.

ಸಿಸ್ಟರ್ ಕೇಳಿ, "ಅದರ ಒಳಗೆ ಎಷ್ಟು ಹೊತ್ತು ಇರ್ತದೆ, ಅದನ್ನು ಮೊದಲು ಹೇಳು," ಎಂದರು. ಗಣಿತದ ಟೀಚರು.

ಕಾನ್ವೆಂಟಿನ ಹಳೆಯ ಬಂಬನ್ನೇ ತಂದು, ಬರೀ ನೀರು ಹರಿಯಬಿಟ್ಟು, ಮೇಲಿನ ಬಾಯಿಗೆ ಒಂದು ಬಟ್ಟಲು ಬೀಟ್ರೂಟಿನ ರಸ ಹಾಕಿದೆ. ಗಡಿಯಾರ ನೋಡುವ ಮೊದಲೇ ಹೊರಗಿನ ನೀರು ಗುಲಾಬಿಯಾಯಿತು. ಆಮೇಲೆ ಎಷ್ಟೋ ಹೊತ್ತು ಗುಲಾಬಿಯಾಗಿಯೇ ಬರುತ್ತಿತ್ತು. ಅಂದರೆ ಬಂಬಿನ ದೊಡ್ಡ ಹೊಟ್ಟೆಯಲ್ಲಿ ಎಲ್ಲ ಕಲಸಿಹೋಗುತ್ತಿತ್ತು: ಈಗ ಹಾಕಿದ ಒಂದಿಷ್ಟು ಈಗಲೇ ಹೊರಗೆ, ಇನ್ನೊಂದಿಷ್ಟು ಒಳಗೇ ಕೂತು ಅತಿಯಾಗಿ ಬೇಯುತ್ತಿತ್ತು. ಹೊಟ್ಟೆ ಇರಬಾರದು, ಉದ್ದನೆಯ ಕರುಳು ಮಾತ್ರ ಇರಬೇಕು ಎಂದುಕೊಂಡೆ.

ಬಜಾರಿನಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವ ಚಾಚಾ ಒಬ್ಬರಿದ್ದರು. ತಾಮ್ರದ ಕೊಳವೆಯನ್ನು ಸುರುಳಿ ಸುತ್ತಿ, ಒಳಗೆಲ್ಲ ಕಲಾಯಿ ಹಾಕಿ, ಬಿಸಿನೀರಿನ ಡ್ರಮ್ಮಿನಲ್ಲಿ ಕೂಡಿಸಿ ಕೊಡಿ ಎಂದು ಕೇಳಿದೆ.

"ಒಳಗ ಕಲಾಯಿ? ಕೊಳಿವಿ ಒಳಗ ನನ್ನ ಕೈ ಹೋಗ್ತದೇನು ಬೇಟಿ?"

"ಹುಳಿ ಹರೀತದ ಚಾಚಾ. ಕಲಾಯಿ ಇಲ್ಲ ಅಂದ್ರ ತಾಮ್ರದ ಕಿಲುಬು ಹೊಟ್ಟಿಗಿ ಹೋಗಿ ಕರುಗೋಳು ಸಾಯ್ತಾವು."

"ಅದೂ ಖರೇನ." ಗಡ್ಡ ಕೆರೆದುಕೊಂಡರು. "ಸೀದಾ ಇದ್ದಾಗನ ಕಲಾಯಿ ಸುರೀತೀನಿ, ಆಮ್ಯಾಲ ಉಸುಕು ತುಂಬಿ ಸುತ್ತತೀನಿ. ಉಸುಕು ತುಂಬಲಿಲ್ಲಂದ್ರ ಮಡಚ್ತದ. ಎಷ್ಟು ಸುತ್ತು?"

"ಜಿಲೇಬಿ ಹಂಗ."

"ಅರೆ, ಜಿಲೇಬಿ ತಿನ್ನೂದು ಸಸಾರ, ಸುತ್ತೂದು ಹೋಗಿ ಹಲವಾಯಿನ್ನ ಕೇಳು!" ಎಂದು ನಕ್ಕರು. ಆ ಹೆಸರೇ ನಿಂತಿತು. ಕೋಣೆಯ ಹೆಂಗಸರೆಲ್ಲ ಅದನ್ನು ಜಿಲೇಬಿ ಎಂದೇ ಕರೆದರು.

ಮೊದಲ ಜಿಲೇಬಿ ಸೋತಿತು. ಚಾಚಾ ಸುತ್ತಿದ್ದು ಎರಡೇ ದೊಡ್ಡ ಸುತ್ತು, ದಪ್ಪ ಕೊಳವೆ. ಕೊಳವೆಯಲ್ಲಿ ಎಷ್ಟು ನೀರು ಹಿಡಿಯುತ್ತದೆ, ಎಷ್ಟು ಬೇಗ ಹೊರಗೆ ಬರುತ್ತದೆ ಎಂದು ಅಳೆದು, ಭಾಗಿಸಿ, ವೈದ್ಯರು ಹೇಳಿದಷ್ಟು ಹೊತ್ತು ಒಳಗಿರುತ್ತದೆ ಎಂದು ನಾನು ಸಿಸ್ಟರಿಗೆ ತೋರಿಸಿದೆ. ಅವರು ಲೆಕ್ಕ ಸರಿ ಎಂದರು. ಬೀಟ್ರೂಟು ಮಾತ್ರ ಒಪ್ಪಲಿಲ್ಲ. ನನ್ನ ಲೆಕ್ಕದ ಅರ್ಧ ಹೊತ್ತಿಗೇ ನಸುಗೆಂಪು ನಾಲಿಗೆಯೊಂದು ಕೊಳವೆಯ ಬಾಯಿಗೆ ಬಂದುಬಿಟ್ಟಿತು.

ಮಾನ್ವಿಯ ಹತ್ತಿರ ಎಡದಂಡೆ ಕಾಲುವೆಯ ಮೇಲೆ ನಮ್ಮ ಯಜಮಾನರಿಗೆ ಕೆಲಸವಿದ್ದಾಗ ನಾನು ಮಕ್ಕಳೊಡನೆ ದಂಡೆಯ ಮೇಲೆ ಕೂತಿರುತ್ತಿದ್ದೆ. ಮಕ್ಕಳು ಚೆಂಡುಹೂ ಎಸೆಯುತ್ತಿದ್ದರು. ನಡುವೆ ಬಿದ್ದ ಹೂ ಓಡಿಹೋಗುತ್ತಿತ್ತು. ಅಂಚಿಗೆ ಬಿದ್ದದ್ದು ಅಲ್ಲಲ್ಲೇ ತೂಗಾಡುತ್ತಿತ್ತು. ಅದು ಈಗ ನೆನಪಾಯಿತು. ಕೊಳವೆಯೂ ಒಂದು ಕಾಲುವೆಯೇ. ನಾನು ಅಳೆದದ್ದು ಎಲ್ಲ ಹನಿಗಳ ಸರಾಸರಿ. ಬೇನೆ ಸಾಗಿಸುವುದು ಸರಾಸರಿಯಲ್ಲ, ಎಲ್ಲರಿಗಿಂತ ಮುಂಚೆ ಓಡುವ ಆ ಮೊದಲ ಹನಿ. ಹೊತ್ತನ್ನು ಅದರ ಮೇಲೆ ಕಟ್ಟಬೇಕು.

ಚಾಚಾ ಗೊಣಗುತ್ತಲೇ ಅದನ್ನು ತೆಗೆದು ಬೇರೊಂದು ಸುತ್ತಿದರು. ಈ ಸಲ ಸಣ್ಣ ಕೊಳವೆ, ಬಿಗಿಯಾದ ಸಣ್ಣ ಸಣ್ಣ ಸುತ್ತು. ತಿರುವಿನಲ್ಲಿ ನಡುವಿನ ನೀರು ಅಂಚಿಗೂ ಅಂಚಿನದು ನಡುವಿಗೂ ಹೊರಳುತ್ತದೆ, ಒಬ್ಬರು ಮುಂದೆ ಒಬ್ಬರು ಹಿಂದೆ ಆಗುವುದಿಲ್ಲ ಎಂದು ನನ್ನ ಅಂದಾಜು. ಬೀಟ್ರೂಟು ಈಗ ತಡವಾಗಿ ಬಂತು. ಬಂದಾಗ ಒಮ್ಮೆಲೇ ಗಾಢವಾಗಿ ಬಂತು, ಒಮ್ಮೆಲೇ ತಿಳಿಯಾಯಿತು. ಆ ದಿನ ನನಗೆ ಆದ ಸಂತೋಷ ಸಣ್ಣದಲ್ಲ. ಸಿಸ್ಟರ್ ಜಪಮಾಲೆ ಕೈಯಲ್ಲಿ ಹಿಡಿದೇ ಬಂದು ಗುಲಾಬಿ ನೀರನ್ನು ನೋಡಿ, "ಆಯ್ತಲ್ಲ ಮಾರಾಯ್ತಿ!" ಎಂದರು.

ಇನ್ನು ಉಳಿದದ್ದು ಹದ. ಡ್ರಮ್ಮಿನ ನೀರು ಎಪ್ಪತ್ತು ಡಿಗ್ರಿಯ ಕೆಳಗಿಳಿದರೆ ವೈರಸ್ಸಿಗೆ ಸಾಲದು. ಎಂಬತ್ತು ದಾಟಿದರೆ ತಿಳಿಯ ಸಸಾರಜನಕ ಕೊಳವೆಯೊಳಗೇ ಹೆಪ್ಪುಗಟ್ಟಿ ದಾರಿ ಮುಚ್ಚುತ್ತಿತ್ತು. ಎರಡು ಸಲ ಹಾಗೂ ಆಯಿತು. ಗಾಳಿ ಊದಿ ತೆರವು ಮಾಡಿದ ಚಾಚಾ, "ಇದು ಜಿಲೇಬಿ ಅಲ್ಲ ಬೇಟಿ, ಭರ್ತಿ ಮಾಡಿದ ಸಮೋಸಾ," ಎಂದರು. ಹತ್ತಿಕಟ್ಟಿಗೆ ಒಮ್ಮೆಲೇ ಭುಗಿಲೆನ್ನುತ್ತದೆ. ಅದಕ್ಕೆ ಹತ್ತಿಕಟ್ಟಿಗೆ ಬಿಟ್ಟು, ಜಾಲಿ ಇದ್ದಿಲ ಕೆಂಡದ ಮೇಲೆ ಡ್ರಮ್ಮು ಇಟ್ಟು, ಶಾಲೆಯ ಪ್ರಯೋಗಾಲಯದ ಥರ್ಮಾಮೀಟರನ್ನು ದಾರ ಕಟ್ಟಿ ಇಳಿಬಿಟ್ಟೆವು. ಬಣ್ಣದ ಕಾಗದದಲ್ಲಿ ಹುಳಿ ನೋಡಿದ ಮೇಲೆಯೇ ಹಸಿ ತಿಳಿ ಕೊಳವೆಗೆ. ಹಸಿ ಕೋಣೆಯಲ್ಲಿ ಹಾಲು, ಹೆಪ್ಪು, ಡ್ರಮ್ಮು. ಗೋಡೆಯ ತೂತಿನಿಂದ ಆಚೆ ಬೆಂದ ಕೋಣೆ. ಅಲ್ಲಿ ತಿಳಿ ಆರಿದ ಮೇಲೆ ಕ್ಯಾನಿಗೆ ತುಂಬಿ, ಮೇಲಿಂದ ಸೋಡಾ. ಹಸಿ ಕೋಣೆಯವರು ಬೆಂದ ಕೋಣೆಗೆ ಕಾಲಿಡುವಂತಿರಲಿಲ್ಲ.

ವೈದ್ಯರು ಬಂದು ನೋಡಿದರು. ಥರ್ಮಾಮೀಟರನ್ನು ಬಗ್ಗಿ ನೋಡಿದರು, ಬೀಟ್ರೂಟಿನ ಪ್ರಯೋಗವನ್ನು ಮತ್ತೊಮ್ಮೆ ಮಾಡಿಸಿದರು. ಚಹಾ ಕುಡಿದರು.

ಅದಾಗಿ ಸುಮಾರು ಎರಡು ವಾರ ಕಳೆದಿರಬೇಕು. ಮಾನ್ವಿಯಲ್ಲಿ, ಹಾಲಿನವ್ವನ ಓಣಿಯಲ್ಲೇ, ಒಂದು ಕರು ಜೊಲ್ಲು ಸುರಿಸುತ್ತ ನಿಂತಿತು. ನಾಲಿಗೆಯ ಮೇಲೆ ಬೊಬ್ಬೆ. ಮೂರನೆಯ ದಿನ ಸತ್ತಿತು.

ವೈದ್ಯರು ಬಂದು ಕೈಯಲ್ಲಿದ್ದ ಹೊಸ ಬೀಗವನ್ನು ಮೇಜಿನ ಮೇಲೆ ಇಟ್ಟರು. "ಇದು ನೀವು ಜಿಲೇಬಿ ಕೂಡಿಸೂಕಿಂತ ಮೊದಲ ಹೋಗಿದ್ದ ಬ್ಯಾನಿ ಇರಬಹುದು, ಸಂತಿಯಿಂದ ಬಂದದ್ದಿರಬಹುದು. ನಾ ಹೇಳಾಕ ಬರೂದಿಲ್ಲ. ಇನ್ನೊಂದು ಮನಿ ಆದ್ರ ಮಾತ್ರ ಈ ಬೀಗ ನಿಮ್ಮ ಬಾಗಲಕ್ಕ. ಸಿಟ್ಟಾಗಬ್ಯಾಡ್ರಿ ಮೇಡಂ."

ಸಿಟ್ಟು ಬರಲಿಲ್ಲ. ನನ್ನ ಕೊಳವೆಯ ಮೇಲೆ ನನಗೆ ಅನುಮಾನವೂ ಬರಲಿಲ್ಲ. ಅದನ್ನು ಹನಿ ಹನಿಯಾಗಿ ನೋಡಿದ್ದೆ. ಕೊಳವೆ ಸರಿಯಿದ್ದರೆ ತಪ್ಪು ಕೊಳವೆಯ ಆಚೆ ಇರಬೇಕು. ಮರುದಿನ ಯಾವ ಕೆಲಸಕ್ಕೂ ಕೈ ಹಾಕದೆ ಬೆಂದ ಕೋಣೆಯಲ್ಲಿ ಸ್ಟೂಲು ಹಾಕಿಕೊಂಡು ಸುಮ್ಮನೆ ಕೂತೆ.

ಅವತ್ತು ಸಿಸ್ಟರ್ ಊರಲ್ಲಿರಲಿಲ್ಲ. ಕ್ಯಾನುಗಳು ಹಸಿ ಕೋಣೆಯ ಹೊರಬಾಗಿಲಿನಿಂದ ಅಂಗಳಕ್ಕೆ ಹೋಗಿ, ಅಲ್ಲಿ ಬೂದಿಯಲ್ಲಿ ತಿಕ್ಕಿಸಿಕೊಂಡು, ಫಳಫಳ ಹೊಳೆಯುತ್ತ ಬೆಂದ ಕೋಣೆಗೆ ಬಂದವು. ಆರಿದ ತಿಳಿಯನ್ನು ಸುರಿಯತೊಡಗಿದರು. ಹಸಿರು ಛಾಯೆಯ ತೆಳು ನೀರು, ಗಾಜಿನ ಹಾಗೆ. ಮೂರು ಪದರ ಬಟ್ಟೆಯಲ್ಲಿ ಸೋಸಿದ್ದು. ನಾನು ಬಗ್ಗಿ ಕ್ಯಾನಿನೊಳಗೆ ನೋಡಿದೆ. ತಳದಿಂದ ಬಿಳಿ ಮೋಡವೊಂದು ಮೆಲ್ಲಗೆ ಎದ್ದು, ಸಣ್ಣ ಸಣ್ಣ ಬಿಳಿ ಚೂರುಗಳಾಗಿ ಒಡೆಯಿತು.

ಹೆಪ್ಪಿನ ಚೂರು. ಸೋಸಿದ ತಿಳಿಯಲ್ಲಿ ಹೆಪ್ಪು ಎಲ್ಲಿಂದ? ಹುಳಿ ತಿಳಿ ಹಸಿ ಹಾಲಿಗೆ ತಾಗಿದರೆ ಮಾತ್ರ ಹಾಗೆ ಒಡೆಯುತ್ತದೆ.

ಇನ್ನೂ ತುಂಬದ ಕ್ಯಾನೊಂದನ್ನು ಎತ್ತಿ ಓರೆ ಮಾಡಿದೆ. ತಳದಲ್ಲಿ ಒಂದು ಸೌಟಿನಷ್ಟು ಹಾಲು.

"ಇದ್ಯಾಕ ಉಳದದ?" ಎಂದು ಕ್ಯಾನು ತಂದವಳನ್ನು ಕೇಳಿದೆ.

ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು. "ಅಕ್ಕೋರ, ಕರುವಿನ ಪಾಲು ರೀ ಅದು. ಕರುಗೋಳು ಕುಡಿಯೂ ಭಾಂಡಿ ಅಲ್ಲೇನ್ರಿ? ಪೂರಾ ಬರಿದು ಮಾಡಿ ಹೆಂಗ ಕೊಡೂದು?"

ಎಲ್ಲ ಕ್ಯಾನುಗಳಲ್ಲೂ ಇತ್ತು. ಹಿಂಡುವಾಗ ಒಂದು ಮೊಲೆಯನ್ನು ಕರುವಿಗೆ ಬಿಡುವ ಜನ ಅವರು. ತಾಯಿಯ ಹಾಲು ನಾವು ತೆಗೆದುಕೊಂಡು ಕರುವಿಗೆ ನೀರು ಕಳಿಸುತ್ತೇವೆ. ಒಂದು ಸೌಟಾದರೂ ಹಾಲು ಇರಲಿ ಎಂದು ಯಾರೂ ಹೇಳದೆಯೇ ಎಲ್ಲರೂ ಬಿಡುತ್ತಿದ್ದರು. ಹೊರಗೆಲ್ಲ ತಿಕ್ಕಿ ತೊಳೆದು, ಒಳಗಿನ ಆ ಸೌಟನ್ನು ಮಾತ್ರ ತುಳುಕದಂತೆ ಕಾಪಾಡುತ್ತಿದ್ದರು. ಅಷ್ಟು ಕಾಳಜಿಯಿಂದ. ಅರಕೇರಾದ ಕ್ಯಾನಿನ ಆ ಹಸಿ ಹಾಲು, ಬೆಂದ ತಿಳಿಯ ಅಡಿಯಲ್ಲಿ, ಸೋಡಾದಿಂದ ಹುಳಿ ಮುರಿದ ನೀರಿನಲ್ಲಿ ಆರಾಮಾಗಿ ಕೂತು ಮಾನ್ವಿಗೆ ಹೋಗುತ್ತಿತ್ತು.

ಅಂಗಳದಲ್ಲಿ ತುಂಬಿದ ಕ್ಯಾನುಗಳು ಸಾಲಾಗಿ ನಿಂತಿದ್ದವು. ಮಾನ್ವಿಯ ಬಸ್ಸಿಗೆ ಹೊತ್ತಾಗಿತ್ತು. ಹಾಲಿನವ್ವ ತಲೆಯ ಮೇಲೆ ಸಿಂಬಿ ಇಟ್ಟುಕೊಂಡು ಕಾಯುತ್ತಿದ್ದಳು.

"ಒಂದೂ ಹೋಗೂದಿಲ್ಲ," ಎಂದೆ. "ಎಲ್ಲಾ ಮೋರಿಗಿ ಸುರೀರಿ."

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು.

"ಹುಚ್ಚ ಹಿಡದದೇನ್ರಿ ಅಕ್ಕೋರ?"

"ಕರುಗೋಳ ಬಾಯಾಗ ಮಣ್ಣು ಹಾಕ್ತೀರೇನು!"

"ಸಿಸ್ಟರ್ ಬರ್ಲಿ, ಅವರನ್ನ ಕೇಳೂಣು."

ಹಾಲಿನವ್ವನ ದನಿ ಎಲ್ಲಕ್ಕಿಂತ ಮೇಲೆ. "ಓಣ್ಯಾಗ ಹೋಗಿ ಏನಂತ ಹೇಳ್ಲಿ? ಹಾಲು ಒಯ್ದು ಕೈ ಬೀಸಿಕೋತ ಬಂದೆ ಅಂತ ಹೇಳ್ಲಿ? ನಾಳಿ ಒಂದು ಹನಿ ಹಾಲು ಹಾಕ್ತಾರೇನು ಅವರು?"

ಅವರು ಹಾಲು ಹಾಕದಿದ್ದರೆ ವಾರ್ಡಿನಲ್ಲಿ ಪುಡಿ ಇರುವುದಿಲ್ಲ ಎಂದು ನನಗೂ ಗೊತ್ತಿತ್ತು. ಸಿಸ್ಟರಿಗೆ ಕಾಯಬಹುದಿತ್ತು, ಕಾಯುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು, ಕ್ಯಾನುಗಳ ಸಮೇತ. ಮೊದಲ ಕ್ಯಾನನ್ನು ನಾನೇ ಹಿಡಿದು ಮೋರಿಗೆ ಓರೆ ಮಾಡಿದೆ. ಸೀರೆಯೆಲ್ಲ ಒದ್ದೆಯಾಯಿತು. ಪೂರ್ತಿ ಬೋರಲು ಮಾಡಿ ಕಲ್ಲಿನ ಮೇಲೆ ಇಟ್ಟೆ.

"ಯವ್ವಾ!" ಎಂದು ಹಾಲಿನವ್ವ ಕಣ್ಣು ಮುಚ್ಚಿಕೊಂಡಳು. "ಹಾಲಿನ ಭಾಂಡಿ ಬೋರಲ ಹಾಕಬಾರ್ದು ರೀ. ಕೆಚ್ಚಲ ಬತ್ತತದ. ನಂದು ಈಯಾಕ ಬಂದ ಆಕಳ ರೀ!"

ನಾನು ಅವಳನ್ನು ಕರೆದು, ಒಂದು ಲೋಟದಲ್ಲಿ ಸೋಸಿದ ಹುಳಿ ತಿಳಿ ತೆಗೆದುಕೊಂಡೆ. "ನೋಡು, ಇದರಾಗ ಏನರ ಅದ?" ಇಲ್ಲವೆಂದಳು. ಕ್ಯಾನಿನ ತಳದ ಹಾಲನ್ನು ಒಂದು ಚಮಚ ಅದಕ್ಕೆ ಹಾಕಿದೆ. ಬಿಳಿ ಚೂರುಗಳು ಎದ್ದವು. "ಈ ಕ್ಯಾನು ನಿನ್ನೆ ಯಾವ ಊರಾಗಿತ್ತು ಅಂತ ನಿನಗ ಗೊತ್ತದೇನು? ನನಗ ಗೊತ್ತಿಲ್ಲ. ಅರಕೇರಾದ್ದಿದ್ರ, ಇದನ್ನ ನಿನ್ನ ಕರುವಿಗಿ ಕುಡಸ್ತೀಯೇನು?"

ಅವಳು ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದಳು.

"ಹಂಗಂದ್ರ ಕರುವಿನ ಪಾಲು?" ಎಂದಳು. ಸಿಟ್ಟಿನಿಂದಲ್ಲ, ನಿಜವಾಗಿ ಕೇಳಿದಳು.

ಅದಕ್ಕೆ ಉತ್ತರ ಕೊಡದೆ ಹೋದರೆ ನಾಳೆ ನನ್ನ ಕಣ್ಣು ತಪ್ಪಿಸಿ ಮತ್ತೆ ಸೌಟು ಹಾಲು ಬಿಡುತ್ತಾರೆಂದು ಗೊತ್ತಿತ್ತು. ನಾನೂ ನೆರೆಮನೆಯ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವವಳಲ್ಲ. ನಾಲ್ಕು ಕಾಳು ಸಕ್ಕರೆಯನ್ನಾದರೂ ಹಾಕಿಯೇ ಕೊಡುತ್ತೇನೆ. ಅಡುಗೆಮನೆಗೆ ಹೋಗಿ ಬೆಲ್ಲದ ಪೆಂಟೆ ತಂದೆ. ಕ್ಯಾನು ಪೂರ್ತಿ ಬರಿದಾಗಬೇಕು, ಕುದಿನೀರಿನಲ್ಲಿ ಒಳಗೂ ತೊಳೆಯಬೇಕು, ಬೋರಲು ಇಟ್ಟು ಬಸಿಯಬೇಕು. ಆಮೇಲೆ ತಳಕ್ಕೆ ಒಂದು ಚೂರು ಬೆಲ್ಲ, ಅದರ ಮೇಲೆ ಬೆಂದ ತಿಳಿ. "ಕರುವಿನ ಪಾಲು ಇನ್ಮ್ಯಾಲ ಬೆಲ್ಲ. ಭಾಂಡಿ ಬರಿದು ಹೋಗೂದಿಲ್ಲ," ಎಂದೆ.

ಅವಳು ಅವತ್ತು ಒಪ್ಪಿದಳೆಂದು ಹೇಳಲಾರೆ. ಕುದಿನೀರಿನಲ್ಲಿ ತೊಳೆದ ಖಾಲಿ ಕ್ಯಾನುಗಳನ್ನು ಬಸ್ಸಿಗೆ ಹೇರಿ, ತಿರುಗಿಯೂ ನೋಡದೆ ಹೋದಳು. ಮರುದಿನ ಮಾನ್ವಿಯ ಹಾಲು ಅರ್ಧಕ್ಕೂ ಕಡಿಮೆ ಬಂತು. ಸಿಸ್ಟರ್ ಮರಳಿ ಬಂದು, ಕೇಳಿ, "ನೀನು ಸುರಿದದ್ದು ಸರಿ," ಎಂದಷ್ಟೇ ಹೇಳಿ ವಾರ್ಡಿನ ಗಂಜಿಗೆ ಶೇಂಗಾ ಹಿಟ್ಟು ಬೆರೆಸಲು ಹೋದರು. ಆ ದಿನಗಳಲ್ಲಿ ನಾನು ಪ್ರತಿ ಕ್ಯಾನನ್ನೂ ಓರೆ ಮಾಡಿ ನೋಡಿ, ನನ್ನ ಕೈಯಾರೆ ಬೆಲ್ಲ ಹಾಕಿ ಕಳಿಸಿದೆ.

ಹಾಲಿನವ್ವ ಸ್ವಲ್ಪ ದಿನ ಬರಲಿಲ್ಲ. ಅವಳ ಓಣಿಯ ಬೇರೊಬ್ಬಳು ಕ್ಯಾನು ತರುತ್ತಿದ್ದಳು. ಕೇಳಲು ಧೈರ್ಯವಾಗಲಿಲ್ಲ. ಮಾನ್ವಿಯಲ್ಲಿ ಇನ್ನೊಂದು ಮನೆಗೆ ಬೇನೆ ಬಂದಿತೆಂಬ ಸುದ್ದಿ ಮಾತ್ರ ಬರಲಿಲ್ಲ. ಅರಕೇರಾದಲ್ಲೂ ಇಳಿಯುತ್ತ ಬಂತು. ಒಂದು ದಿನ ವೈದ್ಯರು ಬಂದು, ಮೇಜಿನ ಮೇಲೆ ಅಷ್ಟು ದಿನ ಬಿದ್ದಿದ್ದ ಬೀಗವನ್ನು ಎತ್ತಿಕೊಂಡು, "ಇದು ನನ್ನ ಸೈಕಲ್ಲಿಗಿ ಬೇಕಾಗದ," ಎಂದು ಜೇಬಿಗೆ ಹಾಕಿಕೊಂಡರು. ಆ ಒಂದು ಕರು ಕ್ಯಾನಿನಿಂದಲೇ ಸತ್ತಿತೇ ಎಂದು ಕೇಳಿದೆ. "ಯಾರಿಗೆ ಗೊತ್ತು ಮೇಡಂ," ಎಂದರು. ಇವತ್ತಿಗೂ ನನಗೆ ಅದು ಗೊತ್ತಿಲ್ಲ.

ಮರುವಾರ ಹಾಲಿನವ್ವ ಬಂದಳು. ಕ್ಯಾನು ಇಳಿಸಿ, ನೇರ ನನ್ನ ಹತ್ತಿರ ಬಂದು, ಸೆರಗಿನ ಗಂಟಿನಿಂದ ಎಲೆಯಲ್ಲಿ ಸುತ್ತಿದ ಗಿಣ್ಣದ ತುಂಡು ತೆಗೆದು ಕೊಟ್ಟಳು. ಇನ್ನೂ ಸ್ವಲ್ಪ ಬೆಚ್ಚಗಿತ್ತು.

"ಹೆಣ್ಣಗರಾ ರೀ ಅಕ್ಕೋರ," ಎಂದಳು. "ಕೆಂಪಂದು. ಹಣಿ ಮ್ಯಾಲ ಬಿಳಿ ಬಟ್ಟು ಅದ."

ಆಮೇಲೆ ಹಾಲು ಸುರಿದು ಖಾಲಿಯಾದ ಕ್ಯಾನನ್ನು ತಾನೇ ಎತ್ತಿಕೊಂಡು ಅಂಗಳಕ್ಕೆ ಹೋದಳು. ಕುದಿನೀರು ಹಾಕಿ ಒಳಗೆಲ್ಲ ತಿಕ್ಕಿದಳು. ತಂದು ನನ್ನ ಎದುರಿಗೆ ಹಿಡಿದು, ಒಂದು ಗಳಿಗೆ ಅನುಮಾನಿಸಿ, ನನ್ನ ಅಂಗೈ ಮೇಲೆ ಅದನ್ನು ಪೂರಾ ಬೋರಲು ಮಾಡಿದಳು. ಒಂದು ಹನಿಯೂ ಬೀಳಲಿಲ್ಲ.

"ನೋಡಿದಿರಿಲ್ಲೋ?" ಎಂದಳು. "ಈಗ ಕೊಡ್ರಿ ನನ್ನ ಕರುವಿನ ಬೆಲ್ಲ. ಸಣ್ಣ ಚೂರು ಬ್ಯಾಡ, ದೊಡ್ಡದು ಹಾಕ್ರಿ."